ಹದಿನೈದು ಸಾವಿರದ ಟ್ಯಾಬ್: ಆಕ್ಷೇಪಗಳಿಗೆ ಉತ್ತರ

ಹದಿನೈದು ಸಾವಿರ ರೂಪಾಯಿಯೊಳಗೆ ಮಕ್ಕಳ ಓದಿಗೆ ಟ್ಯಾಬ್ ಕೊಳ್ಳುವವರು ಮೊದಲು ಪರದೆ ನೋಡಿ, ರ‍್ಯಾಮ್ ಗೀಮ್ ಎಲ್ಲ ಆಮೇಲೆ. ಹೊಸ ಮಾಡೆಲ್ಲೇ ಬೇಕೆಂದು ಹಟ ಹಿಡಿಯಬೇಡಿ ಎಂದು ಬರೆದಿದ್ದೆ. ಆಕ್ಷೇಪಗಳು ಬಂದಿವೆ. ಕೆಲವು ಖಾರವಾಗಿವೆ, ಒಂದೆರಡು ನ್ಯಾಯವಾಗಿಯೂ ಇವೆ. ಉತ್ತರಿಸುವ ಮುಂಚೆ ಒಂದು ಮಾತು: ನನ್ನ ಲೆಕ್ಕದಲ್ಲಿರುವುದು ಹೈಸ್ಕೂಲು, ಪಿಯುಸಿ ಮಕ್ಕಳು. ಪಠ್ಯಪುಸ್ತಕದ ಪಿಡಿಎಫ್, ಹಳೆಯ ಪ್ರಶ್ನೆಪತ್ರಿಕೆ, ಮೇಷ್ಟ್ರು ಕಳಿಸಿದ ನೋಟ್ಸು, ಯೂಟ್ಯೂಬ್ ಪಾಠ ಇಷ್ಟೇ ಅವರ ಕೆಲಸ. ಗೇಮ್ ಆಡುವವರ ಲೆಕ್ಕ ಬೇರೆ.

ಮೊದಲನೆಯ ಆಕ್ಷೇಪ, "ಮನೆಯಲ್ಲಿ ದೊಡ್ಡ ಫೋನ್ ಇರುವಾಗ ಟ್ಯಾಬ್ ಯಾಕೆ?" ಸ್ಕೇಲು ಹಿಡಿದು ನೋಡೋಣ. ಎ4 ಹಾಳೆಯ ಅಗಲ 8.27 ಇಂಚು. 6.6 ಇಂಚಿನ ಫೋನನ್ನು ನೆಟ್ಟಗೆ ಹಿಡಿದರೆ ಅದರ ಅಗಲ ಸುಮಾರು 2.7 ಇಂಚು. ಹಾಳೆ ಮೂರನೇ ಒಂದು ಪಾಲಿಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ. ಔಷಧದ ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ಓದುವ ಪಾಡೇ ಅದು. ಹಿಗ್ಗಿಸಿಕೊಂಡು ಓದಬಹುದು, ನಿಜ. ಆದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆದಾಡುತ್ತ ಸಮಾಜ ವಿಜ್ಞಾನದ ಒಂದು ಪಾಠ ಮುಗಿಸಿ ನೋಡಿ, ಆಮೇಲೆ ಮಾತಾಡೋಣ.

"ಹಾಗಿದ್ದರೆ ಅಗ್ಗದ 10 ಇಂಚಿನದೇ ಸಾಕಲ್ಲ" ಎನ್ನುವುದು ಎರಡನೆಯದು. ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಚು ಹೇಳುವುದು ಗಾತ್ರವನ್ನು ಮಾತ್ರ; ಅಕ್ಷರ ಮೂಡುವುದು ಪಿಕ್ಸೆಲ್‌ಗಳಿಂದ. ಗ್ಯಾಲಕ್ಸಿ ಟ್ಯಾಬ್ ಎ9ರ 8.7 ಇಂಚಿನ ಪರದೆ 1340×800. ಅಗ್ಗದ 10.1 ಇಂಚಿನ ಅನೇಕ ಟ್ಯಾಬ್‌ಗಳದು 1280×800. ನೆಟ್ಟಗೆ ಹಿಡಿದಾಗ ಎರಡರಲ್ಲೂ ಅಡ್ಡಕ್ಕೆ ಇರುವುದು ಅದೇ 800 ಪಿಕ್ಸೆಲ್. ದೊಡ್ಡದರಲ್ಲಿ ಪಿಕ್ಸೆಲ್ ದಪ್ಪವಾಗುತ್ತದೆ ಅಷ್ಟೇ, ಹೊಸ ವಿವರ ಏನೂ ಬರುವುದಿಲ್ಲ. 1920×1200 ಇರುವ 11 ಇಂಚಿನಲ್ಲಿ ಅಡ್ಡಕ್ಕೆ 1200. ಟ್ಯಾಬ್ ಎ9 ಪ್ಲಸ್, ರೆಡ್‌ಮಿ ಪ್ಯಾಡ್ ಎಸ್‌ಇ ಎರಡರಲ್ಲೂ ಇದೇ ಅಳತೆ. ಇಂಗ್ಲಿಷ್ ಓದುವವನಿಗೆ 800 ಹೇಗೋ ಸಾಕಾದೀತು. ಕನ್ನಡಕ್ಕೆ ಸಾಲದು. 'ರಾಷ್ಟ್ರ', 'ಶಾಸ್ತ್ರ' ಎಂದು ಬರೆದರೆ ಒಂದಕ್ಷರದ ಕೆಳಗೆ ಇನ್ನೆರಡು ತೂಗುತ್ತವೆ. ದ-ಧ, ಪ-ಫ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಸ್ಕ್ಯಾನ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಆ ಸೀಳೇ ಮೊದಲು ಮಾಯವಾಗುವುದು. ಡಬ್ಬಿಯ ಮೇಲೆ 'ಎಚ್‌ಡಿ' ಎಂದಷ್ಟೇ ಇದ್ದರೆ ಮೋಸ ಹೋಗಬೇಡಿ, ಅಂಕಿ ಕೇಳಿ.

ಮೂರನೆಯ ಆಕ್ಷೇಪ ಬಲು ಜೋರಿನದು: "ನೀವು ಹೇಳುವುದರಲ್ಲಿ 4 ಜಿಬಿ ರ‍್ಯಾಮ್, ಆರೇಳು ಸಾವಿರಕ್ಕೇ 12 ಜಿಬಿ ಸಿಗುತ್ತಿದೆಯಲ್ಲ!" ಆ 12ರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ '4+8' ಎಂದಿರುತ್ತದೆ, ಹುಡುಕಿ. ಆ 8 ರ‍್ಯಾಮ್ ಅಲ್ಲ, ಸ್ಟೋರೇಜಿನಿಂದ ಕಡ ತಂದ ಜಾಗ. ಇಂಥ ಟ್ಯಾಬ್‌ಗಳ ಸ್ಟೋರೇಜು ಸಾಮಾನ್ಯವಾಗಿ ಇಎಂಎಂಸಿ, ಅದರ 5.1 ಆವೃತ್ತಿಯ ಗರಿಷ್ಠ ವೇಗವೇ ಸೆಕೆಂಡಿಗೆ 400 ಮೆಗಾಬೈಟ್. ನಿಜವಾದ ರ‍್ಯಾಮ್ ಇದರ ಹಲವು ಪಟ್ಟು ವೇಗದ್ದು. ಹಿನ್ನೆಲೆಯಲ್ಲಿ ಮಲಗಿರುವ ಆ್ಯಪನ್ನು ಅಲ್ಲಿ ಇಟ್ಟುಕೊಳ್ಳಬಹುದು, ಮುಂದಿರುವ ಆ್ಯಪು ಅದರಿಂದ ಚುರುಕಾಗುವುದಿಲ್ಲ. ಅದರ ಬದಲು ಸ್ಟೋರೇಜು ಎಷ್ಟೆಂದು ಕೇಳಿ. 32 ಜಿಬಿಯಲ್ಲಿ ಆಂಡ್ರಾಯ್ಡೇ ದೊಡ್ಡ ಪಾಲು ನುಂಗಿರುತ್ತದೆ. ಮೆಮೊರಿ ಕಾರ್ಡಿಗೆ ಪಿಡಿಎಫ್, ವಿಡಿಯೊ ಹೋಗುತ್ತವೆ, ಆದರೆ ಆ್ಯಪ್‌ಗಳನ್ನು ಅಲ್ಲಿಗೆ ಸಾಗಿಸಲು ಎಲ್ಲ ಟ್ಯಾಬ್‌ಗಳೂ ಬಿಡುವುದಿಲ್ಲ. 64 ಜಿಬಿಗಿಂತ ಕಡಿಮೆ ಬೇಡ ಎನ್ನುವುದು ಅದಕ್ಕೇ.

ಹೆಸರಿಲ್ಲದ ಕಂಪನಿಗಳ ಬಗ್ಗೆ ನನಗೆ ಪೂರ್ವಗ್ರಹವೆಂದು ಒಬ್ಬರು ಬರೆದಿದ್ದಾರೆ. ಇದೆ, ಕಾರಣವೂ ಇದೆ. 2023ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಮಕ್ಕಳಿಗೆಂದೇ ಮಾರುತ್ತಿದ್ದ ಡ್ರ್ಯಾಗನ್ ಟಚ್ ಕಂಪನಿಯ ಅಗ್ಗದ ಟ್ಯಾಬೊಂದನ್ನು ಪರೀಕ್ಷಿಸಿದಾಗ ಕೋರ್‌ಜಾವಾ ಎಂಬ ಮಾಲ್‌ವೇರಿನ ಕುರುಹು ಸಿಕ್ಕಿತು. ಯಾರೋ ಆಮೇಲೆ ಹಾಕಿಸಿಕೊಂಡದ್ದಲ್ಲ, ಡಬ್ಬಿಯಿಂದಲೇ ಬಂದದ್ದು. ನಮ್ಮಲ್ಲಿ ಟ್ಯಾಬ್ ಮಾರಲು ಬಿಐಎಸ್ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು; ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಆಂಡ್ರಾಯ್ಡ್ ಸಾಚಾ ಹೌದೇ ಎಂಬುದು ಪ್ಲೇ ಸ್ಟೋರಿನ ಸೆಟ್ಟಿಂಗ್ಸಿನಲ್ಲೇ ಗೊತ್ತಾಗುತ್ತದೆ. ಇವೆರಡರಲ್ಲೂ ಪಾಸಾದರೆ ಕಂಪನಿಯ ಹೆಸರು ಕೇಳಿರದಿದ್ದರೂ ನನ್ನ ತಕರಾರು ಅರ್ಧ ಇಳಿಯುತ್ತದೆ.

"ಆಕಾಶ್ ಗತಿ ಏನಾಯಿತು ನೆನಪಿಲ್ಲವೇ? ಅಗ್ಗದ ಟ್ಯಾಬ್ ಎಂದರೆ ದುಡ್ಡು ದಂಡ" ಎಂದವರೂ ಇದ್ದಾರೆ. ನೆನಪಿದೆ. 2011ರ ಅಕ್ಟೋಬರಿನಲ್ಲಿ ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಆ ಸರ್ಕಾರಿ ಟ್ಯಾಬಿನಲ್ಲಿ 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 7 ಇಂಚಿನ ಪರದೆ. ಅದೂ ರೆಸಿಸ್ಟಿವ್ ಪರದೆ: ಸವರಿದರೆ ಸಾಲದು, ಬೆರಳು ಊರಿ ಒತ್ತಬೇಕು. ಬೆಲೆ ಎರಡು ಸಾವಿರದ ಚಿಲ್ಲರೆಗೆ ಇಳಿದದ್ದು ಬೆರಳು ತಾಗುವಲ್ಲಿ, ಕಣ್ಣು ನೆಡುವಲ್ಲಿ ಉಳಿಸಿದ್ದರಿಂದಲೂ. ಮರುವರ್ಷದ ಆಕಾಶ್ 2ಕ್ಕೆ ಕೆಪಾಸಿಟಿವ್ ಪರದೆ ಹಾಕಬೇಕಾಯಿತು. ಆಕಾಶ್ ಉದಾಹರಣೆ ನನ್ನ ವಾದವನ್ನು ಮುರಿಯುವುದಿಲ್ಲ. ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಹಳೆಯ ಐಪ್ಯಾಡ್ ತಗೊಳ್ಳಿ ಎನ್ನುವವರ ಜೊತೆ ನನ್ನ ಜಗಳ ಕಡಿಮೆ. 2018ರ ಐಪ್ಯಾಡಿನ ಪರದೆ 2048×1536, ಅಡ್ಡಕ್ಕೆ 5.8 ಇಂಚು. ನನ್ನದೇ ಅಳತೆಗೋಲಿನಲ್ಲಿ ಅದು ನಾನು ಹೇಳಿದ ಟ್ಯಾಬ್‌ಗಳನ್ನು ಮೀರಿಸುತ್ತದೆ. ಆದರೆ ಅದಕ್ಕೆ ಐಪ್ಯಾಡ್ ಓಎಸ್ 18 ಬರಲಿಲ್ಲ, ಕಾರ್ಡು ಹಾಕಲು ಜಾಗವಿಲ್ಲ, ಸೆಕೆಂಡ್‌ಹ್ಯಾಂಡಿನಲ್ಲಿ ಬ್ಯಾಟರಿ ಎಷ್ಟು ಸವೆದಿದೆಯೋ ಮಾರುವವನಿಗೇ ಗೊತ್ತು. ಬರೀ ಓದಲಿಕ್ಕೆ, ಬ್ಯಾಟರಿ ಖಾತ್ರಿಯಿದ್ದರೆ, ತಗೊಳ್ಳಿ. ಬ್ಯಾಂಕಿನ ಆ್ಯಪ್ ಮಾತ್ರ ಅದರಲ್ಲಿ ಬೇಡ.

ಸಿಮ್ ಇರುವ ಮಾಡೆಲ್ಲಿಗೆ ಹೆಚ್ಚು ದುಡ್ಡು ಯಾಕೆ, ಹಾಟ್‌ಸ್ಪಾಟ್ ಇದೆಯಲ್ಲ ಎಂಬುದಕ್ಕೆ ಉತ್ತರ ಚಿಕ್ಕದು. ಹಾಟ್‌ಸ್ಪಾಟ್ ಕೊಡುವ ಫೋನು ಅಪ್ಪನ ಜೇಬಿನಲ್ಲಿ ಡ್ಯೂಟಿಗೆ ಹೋಗಿರುತ್ತದೆ. ಮನೆಗೆ ಬ್ರಾಡ್‌ಬ್ಯಾಂಡ್ ಇದ್ದವರು ವೈಫೈ ಮಾಡೆಲ್ಲೇ ತಗೊಳ್ಳಲಿ, ಉಳಿದ ದುಡ್ಡು ಒಳ್ಳೆಯ ಕವರಿಗಾಗುತ್ತದೆ.

ಕೊನೆಯದು ಲ್ಯಾಪ್‌ಟಾಪ್. ಅದೇ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಿಗುತ್ತದೆ, ಟೈಪ್ ಮಾಡಬಹುದು ಎಂದು ಕಾಲೇಜು ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೈಸ್ಕೂಲಿನವರಿಗೆ ಇದು ಒಗ್ಗುವುದಿಲ್ಲ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಕರೆಂಟು ಹೋದೊಡನೆ ಕೈಕೊಡುತ್ತದೆ. 7,000-8,000 ಎಂಎಎಚ್ ಬ್ಯಾಟರಿಯ ಟ್ಯಾಬ್ ಲೋಡ್ ಶೆಡ್ಡಿಂಗಿನ ಸಂಜೆಯನ್ನು ದಾಟಿಸುತ್ತದೆ. ಆದರೆ ಬಿಸಿಎ, ಬಿಕಾಂ, ಎಂಜಿನಿಯರಿಂಗ್ ಓದುವವರ ವಿಷಯದಲ್ಲಿ ಮೇಷ್ಟ್ರ ಮಾತೇ ಸರಿ. ಕೋಡ್ ಬರೆಯುವುದು, ಎಕ್ಸೆಲ್ ತುಂಬುವುದು, ಪ್ರಾಜೆಕ್ಟ್ ರಿಪೋರ್ಟು ಸಿದ್ಧಮಾಡುವುದು ಟ್ಯಾಬಿನಲ್ಲಿ ಆಗುವ ಕೆಲಸವಲ್ಲ, ಕೀಬೋರ್ಡು ಸಿಕ್ಕಿಸಿದರೂ ಆಗದು. ಅವರು ಈ ಹದಿನೈದು ಸಾವಿರವನ್ನು ಟ್ಯಾಬಿಗೆ ಹಾಕದೆ, ಇನ್ನಷ್ಟು ದಿನ ತಡೆದು ಲ್ಯಾಪ್‌ಟಾಪೇ ಕೊಳ್ಳಲಿ.