ಮೊದಲ ಪಾಲು ಯಾರಿಗೆ?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಹೆಚ್ಚಿನವರಿಗೆ ಬಿಡುವೆಂದು ಸಿಗುವುದು ಭಾನುವಾರ ಮಾತ್ರ. ಬಟ್ಟೆ ಒಗೆಯುವುದು, ವಾರದ ತರಕಾರಿ ತರುವುದು, ಮಕ್ಕಳ ಟ್ಯೂಷನ್, ನೆಂಟರ ಮನೆ, ಸಂಘದ ಸಭೆ ಎಲ್ಲವೂ ಆ ಒಂದೇ ದಿನಕ್ಕೆ ಬಂದು ಬೀಳುತ್ತವೆ. ಹೈಟೆಕ್ ಸಿಟಿಯಲ್ಲಿ ರಾತ್ರಿ ಪಾಳಿ ಮಾಡುವವರಿಗಂತೂ ಅದು ನಿದ್ದೆಯ ದಿನ. ಇಷ್ಟರ ನಡುವೆ ಭಾಗ್ಯನಗರದ ಕ್ರೈಸ್ತ ಕನ್ನಡಿಗರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ದೇವರಿಗೆ ಸಲ್ಲುತ್ತಿರುವುದು ಮೊದಲ ಪಾಲೋ, ಮಿಕ್ಕ ಪಾಲೋ?

ಕನ್ನಡಿಗರಿಗೂ ಹೈದರಾಬಾದಿಗೂ ನಂಟು ಹಳೆಯದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಕನ್ನಡದಲ್ಲಿ ಬೈಬಲ್ ಪೂರ್ಣವಾಗಿ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಮಿಷನರಿಗಳ ಶ್ರಮದಿಂದ. ಊರಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸಿ ಬೆಳೆದ ಅನೇಕರು ಇಲ್ಲಿ ತೆಲುಗು ಇಲ್ಲವೇ ಇಂಗ್ಲಿಷ್ ಆರಾಧನೆಗೆ ಕೂರಬೇಕಾಗುತ್ತದೆ. ಭಾಷೆ ಒಗ್ಗದೆ ಮೊದಲು ಚರ್ಚು ತಪ್ಪುತ್ತದೆ, ಆಮೇಲೆ ಮನೆಯ ಪ್ರಾರ್ಥನೆಯೂ ತಪ್ಪುತ್ತದೆ. ಯಾರೂ ಬೇಕೆಂದು ದೇವರನ್ನು ಬಿಡುವುದಿಲ್ಲ. ಸರದಿಯಲ್ಲಿ ಹಿಂದಕ್ಕೆ ತಳ್ಳುತ್ತಾ ಹೋಗುತ್ತಾರೆ, ಅಷ್ಟೆ.

ಮೊದಲು ದೇವರ ರಾಜ್ಯವನ್ನು ಅರಸಬೇಕೆಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಆ ಮಾತು ಉಂಡುಟ್ಟು ಸುಖವಾಗಿದ್ದವರಿಗಷ್ಟೇ ಹೇಳಿದ್ದಲ್ಲ. ನಾಳಿನ ಊಟ, ಬಟ್ಟೆಯ ಚಿಂತೆಯಲ್ಲಿದ್ದ ಜನರಿಗೇ ಹೇಳಿದ್ದು. ದುಡಿಯಬಾರದೆಂದು ಅದರ ಅರ್ಥವಲ್ಲ. ದುಡಿಮೆಯ ಚಿಂತೆಯೇ ಯಜಮಾನನಾಗಬಾರದೆಂದು ಅರ್ಥ.

ವಲಸಿಗರಿಗೆ ಇನ್ನೂ ಹತ್ತಿರದವನು ದಾನಿಯೇಲ. ಪರನಾಡಾದ ಬಾಬಿಲೋನಿನಲ್ಲಿ, ಪರಭಾಷೆ ಕಲಿತು, ಪರರಾಜನ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಕೆಲಸದಲ್ಲಿ ಅವನ ತಪ್ಪು ಹುಡುಕಲು ಹೊರಟ ವಿರೋಧಿಗಳಿಗೆ ಒಂದೂ ಸಿಗಲಿಲ್ಲ. ದಿನಕ್ಕೆ ಮೂರು ಬಾರಿಯ ಪ್ರಾರ್ಥನೆಯನ್ನೂ ಅವನು ಬಿಡಲಿಲ್ಲ. ಕಚೇರಿಯ ಪ್ರಾಮಾಣಿಕತೆ, ಮನೆಯ ಪ್ರಾರ್ಥನೆ ಎರಡೂ ಒಂದೇ ಭಕ್ತಿಯ ಎರಡು ಮುಖ. ಬೆಳಿಗ್ಗೆ ಪ್ರಾರ್ಥಿಸಿ ಮಧ್ಯಾಹ್ನ ಸುಳ್ಳು ಬಿಲ್ಲು ಬರೆಯುವವರು ದೇವರಿಗೆ ಕೊಟ್ಟದ್ದು ಸಮಯವನ್ನಷ್ಟೇ, ಮೊದಲ ಸ್ಥಾನವನ್ನಲ್ಲ.

ಇನ್ನೊಂದು ಎಚ್ಚರವೂ ಬೇಕು. ದೇವರ ಹೆಸರಿನಲ್ಲಿ ಮನೆಯವರನ್ನು ಕಡೆಗಣಿಸುವುದೂ ಉಂಟು. ಊರಿನಲ್ಲಿರುವ ತಾಯಿಯ ಔಷಧಿಗೆ ಹಣ ಕಳಿಸದೆ ಸಭೆಗೆ ಕಾಣಿಕೆ ಕೊಡುವುದು ಭಕ್ತಿಯಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲೆಂದು ಹೇಳಿ ಕೈತೊಳೆದುಕೊಂಡವರನ್ನು ಯೇಸು ಖಂಡಿಸಿದ ಪ್ರಸಂಗ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ದೇವರನ್ನು ಮೊದಲಿಟ್ಟರೆ ಉಳಿದವರು ಕೊನೆಗೆ ಹೋಗುವುದಿಲ್ಲ, ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತಾರೆ.

ಇದಕ್ಕೆ ಸಾಕ್ಷಿ ಬೇಕೆಂದರೆ ನಗರದಿಂದ ಸುಮಾರು 100 ಕಿ.ಮೀ. ದೂರದ ಮೆದಕ್‌ಗೆ ಹೋಗಬೇಕು. ಅಲ್ಲಿನ ದೊಡ್ಡ ಚರ್ಚಿನ ಕೆಲಸ ಆರಂಭವಾದದ್ದು 1914ರಲ್ಲಿ, ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಬರದಿಂದ ಕಂಗೆಟ್ಟ ಜನರಿಗೆ ಕೂಲಿ, ಅನ್ನ ಸಿಗಲೆಂದೇ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಈ ಕೆಲಸ ಕೈಗೊಂಡರೆಂಬುದು ಪ್ರಸಿದ್ಧ. ದೇವರ ಮನೆಯೂ ಎದ್ದಿತು, ಹಸಿದವರ ಮನೆಯ ಒಲೆಯೂ ಉರಿಯಿತು. ಅಲ್ಲಿ ಆರಾಧನೆ ಬೇರೆ, ಅನ್ನ ಬೇರೆ ಆಗಲಿಲ್ಲ. ಕಾಯಕ, ದಾಸೋಹಗಳ ಪರಂಪರೆಯಲ್ಲಿ ಬೆಳೆದ ಕನ್ನಡಿಗರಿಗೆ ಇದು ಹೊಸ ಮಾತೇನೂ ಅಲ್ಲ.

ದಿನನಿತ್ಯದಲ್ಲಿ ಆರಂಭಿಸುವುದು ಕಷ್ಟವಲ್ಲ. ಬೆಳಿಗ್ಗೆ ಮೊಬೈಲ್ ಕೈಗೆತ್ತಿಕೊಳ್ಳುವ ಮುನ್ನ ಹತ್ತು ನಿಮಿಷದ ಪ್ರಾರ್ಥನೆ. ಸಂಬಳ ಬಂದ ದಿನವೇ ಕಷ್ಟದಲ್ಲಿರುವವರಿಗೊಂದು ಪಾಲು ತೆಗೆದಿಡುವುದು. ತಿಂಗಳ ಕೊನೆಗೆ ಉಳಿದರೆ ಕೊಡೋಣವೆಂದರೆ ಉಳಿಯುವುದೇ ಇಲ್ಲ. ರಾತ್ರಿ ಊಟಕ್ಕೆ ಮುಂಚೆ ಮಕ್ಕಳಿಂದ ಕನ್ನಡ ಬೈಬಲಿನ ನಾಲ್ಕು ಸಾಲು ಓದಿಸುವುದು. ಇದರಿಂದ ಭಕ್ತಿಯೂ ಉಳಿಯುತ್ತದೆ, ಭಾಷೆಯೂ ಉಳಿಯುತ್ತದೆ. ರಾತ್ರಿ ಪಾಳಿಯವರು ಭಾನುವಾರ ಸಂಜೆಯ ಆರಾಧನೆಗೆ ಹೋದರೂ ಆದೀತು. ದೇವರು ಗಡಿಯಾರ ನೋಡುವುದಿಲ್ಲ, ಮನಸ್ಸು ನೋಡುತ್ತಾನೆ.

ಕನ್ನಡ ಸಂಘಗಳೂ ಒಂದು ಉಪಕಾರ ಮಾಡಬಹುದು. ರಾಜ್ಯೋತ್ಸವವೋ ಯುಗಾದಿ ಕೂಟವೋ ಭಾನುವಾರ ಬಂದರೆ ಬೆಳಗಿನ ಬದಲು ಮಧ್ಯಾಹ್ನದ ಮೇಲೆ ಇಟ್ಟುಕೊಂಡರೆ ಕ್ರೈಸ್ತ ಬಾಂಧವರು ಆರಾಧನೆ ಮುಗಿಸಿ ಕುಟುಂಬ ಸಮೇತ ಬರುತ್ತಾರೆ. ಅವರೂ ನೆಪ ಹೇಳದೆ ಬರಬೇಕು. ದೇವರಿಗೆ ಮೊದಲ ಪಾಲು ಕೊಟ್ಟವರ ಕೈಯಲ್ಲಿ ನೆರೆಯವರಿಗೂ ನಾಡುನುಡಿಗೂ ಒಂದು ಪಾಲು ಇದ್ದೇ ಇರಬೇಕು.