ಆ ಮರಿ ತಬ್ಬಲಿಯಲ್ಲ

ಕನ್ನಡದಲ್ಲಿ ಮಕ್ಕಳಿಗೆಂದು ಬರೆಯುವ ಸಾಹಸ ಕಥೆಗಳಿಗೆ ಒಂದು ಸಿದ್ಧ ಅಚ್ಚಿದೆ. ಹುಡುಗನೊಬ್ಬ ಕಾಡಂಚಿಗೆ ಹೋಗುತ್ತಾನೆ. ಪೊದೆಯಲ್ಲಿ ಮರಿಯೊಂದು ಕಾಣುತ್ತದೆ, ಹತ್ತಿರದಲ್ಲಿ ತಾಯಿ ಇಲ್ಲ. ಹುಡುಗ ಅದನ್ನು ಅಂಗಿಯೊಳಗೆ ಮುಚ್ಚಿಕೊಂಡು ಮನೆಗೆ ತರುತ್ತಾನೆ, ಹಾಲು ಕುಡಿಸಿ ಸಾಕುತ್ತಾನೆ. ದೊಡ್ಡದಾದ ಮರಿ ಕಳ್ಳಬೇಟೆಗಾರರ ಕೈಯಿಂದ ಅವನನ್ನು ಉಳಿಸುತ್ತದೆ. ಕೊನೆಯ ಪುಟದಲ್ಲಿ ಕಾಡಿಗೆ ಹೊರಟು ಒಂದು ಸಲ ತಿರುಗಿ ನೋಡುತ್ತದೆ. ಮರಿ ಚಿರತೆಯದಿರಲಿ, ಆನೆಯದಿರಲಿ, ಕರಡಿಯದಿರಲಿ, ಹೂರಣ ಒಂದೇ. ಈ ಅಚ್ಚನ್ನು ಮುರಿದು ಬಿಸಾಕಬೇಕು ಎಂಬುದು ನನ್ನ ವಾದ. ಅದು ಹಳಸಿರುವುದು ಸಣ್ಣ ದೋಷ. ದೊಡ್ಡ ದೋಷವೆಂದರೆ ಅದು ಸುಳ್ಳು ಹೇಳುತ್ತದೆ, ಮತ್ತು ಆ ಸುಳ್ಳಿನ ಬೆಲೆಯನ್ನು ನಮ್ಮ ಕಡೆ ನಿಜವಾದ ಮರಿಗಳು ತೆರುತ್ತವೆ.

ನಮ್ಮ ಕಡೆ ಎಂದರೆ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಸೀಮೆ. ಕಬ್ಬು ಸುಮಾರು ಒಂದು ವರ್ಷದ ಬೆಳೆ. ಆಳೆತ್ತರ ಬೆಳೆದ ಮೇಲೆ ಕಟಾವಿನವರೆಗೆ ಗದ್ದೆಯ ನಡುವಿಗೆ ಯಾರೂ ಕಾಲಿಡುವುದಿಲ್ಲ. ಒಳಗೆ ನೆರಳು, ಪಕ್ಕದಲ್ಲಿ ನಾಲೆ ನೀರು, ಸುತ್ತ ಊರ ನಾಯಿಗಳು, ಹಂದಿಗಳು. ಬೇಬಿ ಬೆಟ್ಟದಂಥ ಕಲ್ಲುಗುಡ್ಡಗಳನ್ನು ಗಣಿ ತಿಂದಿರುವಾಗ ಮರಿ ಹಾಕಲು ಚಿರತೆಗೆ ಕಬ್ಬಿನ ಗದ್ದೆಗಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಕ್ಕೀತು? ಹಾಗಾಗಿ ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕ ಸುದ್ದಿ ಮಂಡ್ಯ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸದಲ್ಲ. ಜೊತೆಗೊಂದು ಫೋಟೊ ಇರುತ್ತದೆ: ಯಾರದೋ ತೋಳಲ್ಲಿ ಮರಿ, ಸುತ್ತ ಮೊಬೈಲ್ ಹಿಡಿದ ಕೈಗಳು. 'ಪಾಪ, ಅವ್ವ ಬುಟ್ಟೋಗದೆ ಕಣಣ್ಣ' ಎಂಬ ಮಾತು ಇಂಥ ಗುಂಪಿನಲ್ಲಿ ಬಂದೇ ಬರುತ್ತದೆ.

ಅವ್ವ ಬಿಟ್ಟು ಹೋಗಿರುವುದಿಲ್ಲ. ಹೆಣ್ಣು ಚಿರತೆ ಸಾಮಾನ್ಯವಾಗಿ 2-3 ಮರಿ ಹಾಕುತ್ತದೆ. ಹುಟ್ಟಿದಾಗ ಅವಕ್ಕೆ ಕಣ್ಣು ಬಿಟ್ಟಿರುವುದಿಲ್ಲ. ತಾಯಿ ಅವನ್ನು ಬಚ್ಚಿಟ್ಟು ಬೇಟೆಗೆ ಹೋಗಬೇಕು, ಗಂಟೆಗಟ್ಟಲೆ ದೂರವಿರಬೇಕು. ನಮ್ಮ ಅಮ್ಮಂದಿರು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಸಂತೆಗೆ ಹೋದಹಾಗೆ. ಆ ಹೊತ್ತಿನಲ್ಲಿ ತೊಟ್ಟಿಲು ಕಂಡವನು ಮಗುವನ್ನು ಎತ್ತಿಕೊಂಡು ಹೋದರೆ ಅವನನ್ನು ನಾವು ಸಾಹಸಿ ಎನ್ನುತ್ತೇವೆಯೇ? ಮರಿ ಒಂದೂವರೆ, ಎರಡು ವರ್ಷ ತಾಯಿಯ ಜೊತೆಗಿದ್ದು ಹೊಂಚುವುದು, ಅಡಗುವುದು, ಮನುಷ್ಯರ ದಾರಿಯಿಂದ ಸರಿಯುವುದು ಎಲ್ಲವನ್ನೂ ಕಲಿಯುತ್ತದೆ. ಇದನ್ನು ಬಾಟಲಿ ಹಾಲು ಕಲಿಸುವುದಿಲ್ಲ. ಕೈಯಲ್ಲಿ ಬೆಳೆದ ಚಿರತೆಗೆ ಸಾಮಾನ್ಯವಾಗಿ ಕೊನೆಗೆ ಉಳಿಯುವುದು ಪಂಜರ. ಕಥೆಯ ಕೊನೆಯ ಪುಟದಲ್ಲಿ ಅದು ತಿರುಗಿ ನೋಡಲು ಕಾಡೇ ಇರುವುದಿಲ್ಲ.

ಈ ಅಚ್ಚು ಹೊರಗಿನಿಂದ ಬಂತು, ಆದರೆ ಹೊರಗಿನವರು ನಮಗಿಂತ ಪ್ರಾಮಾಣಿಕರಾಗಿದ್ದರು. 1960ರಲ್ಲಿ ಬಂದ 'ಬಾರ್ನ್ ಫ್ರೀ' ಪುಸ್ತಕದ ಸಿಂಹಿಣಿ ಎಲ್ಸಾ ತಬ್ಬಲಿಯಾದದ್ದು, ಲೇಖಕಿ ಜಾಯ್ ಆಡಮ್ಸನ್‌ರ ಗಂಡ ಜಾರ್ಜ್ ಅದರ ತಾಯಿಯನ್ನು ಗುಂಡಿಟ್ಟು ಕೊಂದದ್ದರಿಂದ. ಜಾಯ್ ಇದನ್ನು ಮುಚ್ಚಿಡಲಿಲ್ಲ. 1894ರ 'ಜಂಗಲ್ ಬುಕ್'ನಲ್ಲಿ ಸಾಕುವುದು ತೋಳ, ಸಾಕಿಸಿಕೊಳ್ಳುವುದು ಮನುಷ್ಯನ ಮಗು. ಕಿಪ್ಲಿಂಗ್‌ನನ್ನು ಬೇರೆ ನೂರು ಕಾರಣಕ್ಕೆ ಬಯ್ಯಬಹುದು, ಆದರೆ ತಾಯಿ ತೋಳಕ್ಕೆ ಅವನು ಕೊಟ್ಟ ಗತ್ತನ್ನು ನಮ್ಮ ಅಚ್ಚಿನ ಕಥೆಗಳು ಯಾವ ತಾಯಿ ಚಿರತೆಗೂ ಕೊಟ್ಟಿಲ್ಲ. 1927ರಲ್ಲಿ ಹೆನ್ರಿ ವಿಲಿಯಮ್ಸನ್ ಬರೆದ 'ಟಾರ್ಕಾ ದಿ ಆಟರ್' ಒಂದು ನೀರುನಾಯಿಯ ಹುಟ್ಟಿನಿಂದ ಕೊನೆಯವರೆಗಿನ ಕಥೆ. ಅಲ್ಲಿ ಗೆಳೆಯನಾಗಲು ಯಾವ ಹುಡುಗನೂ ಬರುವುದಿಲ್ಲ. ಶ್ರೀರಂಗಪಟ್ಟಣದ ಪಕ್ಕ ರಂಗನತಿಟ್ಟಿನಲ್ಲೂ ನೀರುನಾಯಿಗಳಿವೆ. ಅವುಗಳಲ್ಲೊಂದು ಕಾವೇರಿಯಲ್ಲಿ ಬೆಳೆದು ದೊಡ್ಡದಾಗುವ ಕನ್ನಡ ಕಾದಂಬರಿಯನ್ನು ನಾನಂತೂ ಇನ್ನೂ ಓದಿಲ್ಲ.

ನಮ್ಮಲ್ಲಿ ಬೇರೆ ದಾರಿ ಇರಲಿಲ್ಲವೇ? ಗೋವಿನ ಹಾಡು ಇತ್ತು. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಹೊರಡುವ ತಾಯಿಯೇ ಅದರ ಜೀವಾಳ. ತಾಯಿ ಮರಿಯ ಬಳಿಗೆ ಹಿಂತಿರುಗುತ್ತಾಳೆ ಎಂಬುದನ್ನು ಕನ್ನಡದ ಮಕ್ಕಳು ಎದೆಗೆ ಇಳಿಸಿಕೊಂಡದ್ದು ಅಲ್ಲಿಂದ. ಆದರೆ ಆ ಕರುಣೆ ಕೊಟ್ಟಿಗೆಯಲ್ಲೇ ನಿಂತಿತು. ಹುಲಿಯ ಗವಿಯಲ್ಲೂ ಹಸಿದ ಮರಿಗಳಿದ್ದಿರಬಹುದೇ ಎಂದು ಕೇಳಿದವರು ಕಡಿಮೆ. ಆಮೇಲೆ ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. ಹೈಸ್ಕೂಲು ಹುಡುಗರು ಅವನ್ನು ಉಸಿರು ಬಿಗಿಹಿಡಿದು ಓದಿದರು, ಈಗಲೂ ಓದುತ್ತಾರೆ. ಆದರೆ ಬೇಟೆಗಾರನ ಕಥೆಗೆ ಪ್ರಾಣಿ ಬರುವ ಹೊತ್ತಿಗೆ ಅದು ಬೆಳೆದು ನರಭಕ್ಷಕವಾಗಿರುತ್ತದೆ. ಹೀಗೆ ನಮ್ಮ ಮಕ್ಕಳಿಗೆ ಸಿಕ್ಕಿದ್ದು ಎರಡೇ: ಮುದ್ದಿನ ತಬ್ಬಲಿ, ಇಲ್ಲವೇ ಕೊಲೆಗಡುಕ. ಇವೆರಡರ ನಡುವೆ ಪ್ರಾಣಿ ಬೆಳೆಯುವ ವರ್ಷಗಳು ಖಾಲಿ ಬಿದ್ದಿವೆ. ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲೇ 1974ರಲ್ಲಿ ವನ್ಯಜೀವಿ ಧಾಮ ಘೋಷಣೆಯಾಯಿತು, ತೋಳಗಳ ನೆಲೆ ಉಳಿಸುವುದು ಅದರ ಮುಖ್ಯ ಉದ್ದೇಶ. ಆದರೂ ಇಲ್ಲಿಯ ಮಗುವಿಗೆ ಗೊತ್ತಿರುವ ತೋಳ ಒಂದೇ, ಸುಳ್ಳುಗಾರ ಹುಡುಗನ ಕುರಿ ತಿನ್ನಲು ಬರುವ ತೋಳ.

'ಕಬ್ಬು ಕಡಿಯುವವರು ಕಥೆ ಓದಿ ಮರಿ ಎತ್ತುತ್ತಾರೇನ್ರೀ?' ಎಂದು ನೀವು ಕೇಳಬಹುದು. ಇಲ್ಲ. ಕುತೂಹಲಕ್ಕೆ, ಕನಿಕರಕ್ಕೆ ಎತ್ತುತ್ತಾರೆ. ಆದರೆ ಆ ಕನಿಕರ ಯಾವ ಕಡೆ ಹರಿಯಬೇಕೆಂದು ಕಲಿಸುವುದು ಚಿಕ್ಕಂದಿನಲ್ಲಿ ಕೇಳಿದ ಕಥೆ, ನೋಡಿದ ಸಿನಿಮಾ. ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು. 2022ರ ಕೊನೆಯಿಂದ 2023ರ ಜನವರಿಯೊಳಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು, ಅವರಲ್ಲಿ ಶಾಲೆಗೆ ಹೋಗುವ ಹುಡುಗನೂ ಇದ್ದ. ಇಂಥ ಕಡೆ ಮಕ್ಕಳಿಗೆ ಚಿರತೆಯ ಮೇಲೆ ಪ್ರೀತಿ ಹುಟ್ಟಿಸುವುದೇ ತಪ್ಪಲ್ಲವೇ? ನನ್ನ ಉತ್ತರ: ಅಚ್ಚಿನ ಕಥೆಯೇ ಇಲ್ಲಿ ಹೆಚ್ಚು ಅಪಾಯಕಾರಿ. ಮರಿ ಇದ್ದಲ್ಲಿ ತಾಯಿ ಹತ್ತಿರದಲ್ಲೇ ಇರುತ್ತದೆ, ಹಿಂದೆ ಸರಿದು ಬಾ ಎಂದು ಅದು ಹೇಳುವುದಿಲ್ಲ, ಹತ್ತಿರ ಹೋಗು ಎನ್ನುತ್ತದೆ. ಹಳ್ಳಿಯ ಮಗುವಿಗೆ ಬೇಕಾದ್ದು ಮುದ್ದಿಗಿಂತ ಮೊದಲು ತಿಳಿವಳಿಕೆ.

ಇಷ್ಟಕ್ಕೂ ನಿಜದಲ್ಲಿ ಸಾಹಸ ಕಡಿಮೆಯಿಲ್ಲ. ಮಹಾರಾಷ್ಟ್ರದ ಜುನ್ನರ್ ಸೀಮೆಯೂ ನಮ್ಮ ಹಾಗೆ ಕಬ್ಬಿನದು. ಅಲ್ಲಿ ಕಟಾವಿನಲ್ಲಿ ಸಿಕ್ಕ ಮರಿಗಳನ್ನು ಅರಣ್ಯ ಇಲಾಖೆಯವರು, ಪಶುವೈದ್ಯರು ಪರೀಕ್ಷಿಸಿ, ಸಂಜೆ ಅದೇ ಗದ್ದೆಯಲ್ಲಿ ಪೆಟ್ಟಿಗೆಯೊಳಗಿಟ್ಟು, ಕ್ಯಾಮೆರಾ ಕಟ್ಟಿ ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕಟಾವಾದ ಬಯಲು, ಮನುಷ್ಯರ ವಾಸನೆ ಹತ್ತಿದ ಪೆಟ್ಟಿಗೆ, ಎಲ್ಲೋ ಬೊಗಳುವ ನಾಯಿ, ನಡುವೆ ಹೆಜ್ಜೆ ಇಡಲೋ ಬೇಡವೋ ಎಂದು ನಿಂತ ತಾಯಿ. ಆ ಪೆಟ್ಟಿಗೆಯೊಳಗೆ ಕೂತು ಹೊರಗಿನ ಸದ್ದು ಕೇಳುವ ಮರಿಯಿಂದ ಕಥೆ ಶುರುವಾಗಲಿ. ಅದು ಹೊಸ ಕಬ್ಬಿನ ಗದ್ದೆ ಹುಡುಕಲಿ, ಮೊದಲ ಬೇಟೆಯಲ್ಲಿ ಸೋಲಲಿ, ಎರಡು ವರ್ಷದ ಮೇಲೆ ತಾಯಿಯಿಂದ ಬೇರೆಯಾಗಿ ತನ್ನದೇ ಒಂದು ಬಂಡೆ ಹಿಡಿಯಲಿ. ಹುಡುಗನೂ ಬೇಕೆನ್ನುವುದಾದರೆ ಇರಲಿ. ಅವನು ಗದ್ದೆಯ ಬದುವಿನ ಮೇಲೆ ನಿಂತು, ಮರಿ ಎತ್ತಲು ಹೊರಟ ದೊಡ್ಡವರಿಗೆ 'ಮುಟ್ಬೇಡಿ, ಅದರ ಅವ್ವ ಬತ್ತದೆ' ಎಂದು ಹೇಳಲಿ. ಅಷ್ಟು ಧೈರ್ಯ ಸಾಕು ಅವನಿಗೆ.