ಹಳೆಯ ಸೀರೆ, ಹೊಸ ಮಗು, ಮಳೆಗಾಲದ ಲೆಕ್ಕ

ಮನೆಯಲ್ಲಿ ಮಗು ಹುಟ್ಟುವುದೆಂದಾಗ ಹಿರಿಯರು ಅಟ್ಟದಿಂದ ತೊಟ್ಟಿಲನ್ನು ಇಳಿಸುತ್ತಾರೆ. ಬಾಣಂತಿಯ ಮದ್ದಿಗೆ ಸಾಮಾನು ಹೊಂದಿಸುತ್ತಾರೆ. ಆದರೆ ಮಗುವಿಗೆ ದಿನವೊಂದಕ್ಕೆ ಎಷ್ಟು ಒಣಬಟ್ಟೆ ಬೇಕೆಂಬ ಲೆಕ್ಕವನ್ನು ಮುಂಚಿತವಾಗಿ ಹಾಕುವವರು ವಿರಳ. ನಡುರಾತ್ರಿಯಲ್ಲಿ ಕೈಗೆ ಒಣಬಟ್ಟೆ ಸಿಗದೆ ಬಾಣಂತಿ ಪರದಾಡುವಾಗ ಆ ಲೆಕ್ಕ ತಾನಾಗಿಯೇ ಎದುರು ಬಂದು ನಿಲ್ಲುತ್ತದೆ. ಶಾಲೆಯ ಮಾಸ್ತರರಿಗೆ ಇದರ ಉಸಾಬರಿ ಏಕೆಂದು ನಮ್ಮ ಸೋದರಿಯರು ನಗಬಹುದು. ಮಕ್ಕಳಿಗೆ ಗುಣಾಕಾರ ಕಲಿಸುವವನಿಗೆ ಇದು ಮೊದಲಿಗೆ ಗುಣಾಕಾರವೇ. ಈ ಗಣಿತ ಗಂಡಸರಿಗೂ ತಿಳಿದಿರಬೇಕೆಂಬುದೇ ಈ ತಿಂಗಳ ಮಾತು.

ಒಮ್ಮೆ ಬಳಸಿ ಎಸೆಯುವ ಡಯಾಪರ್ ಈಗ ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುತ್ತದೆ. ಒಂದಕ್ಕೆ 10 ರೂಪಾಯಿ ಎಂದು ಹಿಡಿಯೋಣ. ದಿನಕ್ಕೆ ಆರರಂತೆ ತಿಂಗಳಿಗೆ 1,800 ರೂಪಾಯಿ; ಎರಡು ವರ್ಷಕ್ಕೆ 43,200 ರೂಪಾಯಿ. ಬೀಡಿ ಕಟ್ಟಿ, ಅಡಿಕೆ ತೋಟದಲ್ಲಿ ದಿನಗೂಲಿ ಮಾಡಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಉಪಯೋಗಿಸಿದುದನ್ನು ಎಸೆಯಲು ನಮ್ಮ ಹಳ್ಳಿಗಳಲ್ಲಿ ತಕ್ಕ ಜಾಗವೂ ಇಲ್ಲ. ತೋಟದ ಮೂಲೆಯಲ್ಲಿ ಹೂತರೆ ಅದು ಬೇಗನೆ ಮಣ್ಣಾಗುವ ವಸ್ತುವೂ ಅಲ್ಲ.

ಹಾಗಾದರೆ ಬಟ್ಟೆ ಎಷ್ಟು ಬೇಕು? ಎಳೆಯ ಶಿಶುವಿಗೆ ದಿನಕ್ಕೆ 10ರಿಂದ 12 ಬಾರಿ ಬಟ್ಟೆ ಬದಲಿಸಬೇಕಾಗುತ್ತದೆ. ಬೇಸಗೆಯಲ್ಲಿ ಬೆಳಿಗ್ಗೆ ಒಗೆದುದು ಸಂಜೆಯೊಳಗೆ ಒಣಗುವುದರಿಂದ 24 ಸಾಕು. ಆದರೆ ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾಸರಗೋಡು. ಆಟಿ ತಿಂಗಳಲ್ಲಿ ತೆಳುಬಟ್ಟೆಯೂ ಮೂರು ದಿನ ಒಣಗದೆ ನೇತಾಡುವುದುಂಟು. ಹನ್ನೆರಡು ಮೂರಲಿ ಮೂವತ್ತಾರು. ಕೈಕಾವಲಿಗೆ ನಾಲ್ಕು ಸೇರಿಸಿದರೆ 40. ಮಳೆಗಾಲದಲ್ಲಿ ಹುಟ್ಟುವ ಮಗುವಿನ ಮನೆಯವರು ನೆನಪಿಡಬೇಕಾದ ಸಂಖ್ಯೆ ಇದು.

ಇಷ್ಟನ್ನೂ ಪೇಟೆಯಿಂದ ತರಬೇಕಾಗಿಲ್ಲ. ಐದೂವರೆ ಮೀಟರ್ ಉದ್ದದ ಹಳೆಯ ಹತ್ತಿ ಸೀರೆಯನ್ನು ಅಗಲದಲ್ಲಿ ಎರಡಾಗಿ, ಉದ್ದದಲ್ಲಿ 60 ಸೆಂಟಿಮೀಟರಿಗೊಂದರಂತೆ ಕತ್ತರಿಸಿದರೆ 18 ಚೌಕಗಳಾಗುತ್ತವೆ. ಎರಡು ಮೀಟರಿನ ಹಳೆಯ ಮುಂಡಿನಿಂದ ಆರು. ಎರಡು ಸೀರೆ, ಒಂದು ಮುಂಡು ಇದ್ದರೆ 42 ಕೈಸೇರಿದವು! ಬಟ್ಟೆ ಹತ್ತಿಯದೇ ಆಗಿರಬೇಕು. ಹಲವು ಬಾರಿ ಒಗೆದು ಮೆದುವಾದ ಹತ್ತಿ ನೀರಿನ ಹನಿಯನ್ನು ತಟ್ಟನೆ ಹೀರುತ್ತದೆ. ಹನಿ ಮಣಿಯಂತೆ ಮೇಲೆಯೇ ನಿಂತರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ಅಂಚುಗಳನ್ನು ಮಡಚಿ ಹೊಲಿಯುವುದು ಅವಶ್ಯ. ಬಿಚ್ಚಿದ ನೂಲು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ತಡೆಯಬಲ್ಲದು.

ಇಲ್ಲಿ ಒಂದು ಗಂಭೀರವಾದ ಎಚ್ಚರಿಕೆ. ಹಳೆಯ ಸೀರೆ ಸಾಮಾನ್ಯವಾಗಿ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜತೆಗೆ ಇರುತ್ತದೆ. ನಾಫ್ತಲೀನ್ ಇರುವ ಗುಳಿಗೆಯ ಅಂಶ ಬಟ್ಟೆಯಿಂದ ಶಿಶುವಿನ ದೇಹವನ್ನು ಸೇರಬಲ್ಲದು. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯುಳ್ಳ ಮಕ್ಕಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ಉಂಟುಮಾಡುತ್ತದೆ. ಕೊರತೆ ಯಾವ ಮಗುವಿಗಿದೆಯೆಂದು ಹೊರನೋಟಕ್ಕೆ ತಿಳಿಯದು. ಆದುದರಿಂದ ಮಗುವಿನ ಬಟ್ಟೆಯಿರುವ ಪೆಟ್ಟಿಗೆಯಲ್ಲಿ ಗುಳಿಗೆ ಇಡಲೇಬಾರದು. ಗುಳಿಗೆಯ ವಾಸನೆ ಹಿಡಿದ ಸೀರೆಯನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಕ್ಷೇಮ. ಆಶಾ ಕಾರ್ಯಕರ್ತೆ ಇಂಥ ವಿಷಯವನ್ನು ಮಲೆಯಾಳದಲ್ಲಿ ಹೇಳಿ ಹೋದರೆ, ಮನೆಯ ಅಜ್ಜಿಗೆ ಅದನ್ನು ನಮ್ಮ ಮಾತಿನಲ್ಲಿ ತಿಳಿಯಹೇಳುವುದು ಓದಿದವರ ಕರ್ತವ್ಯ.

ಬಟ್ಟೆ ಸಿದ್ಧವಾದ ಮೇಲೆ ಬೇಕಾದುದು ವ್ಯವಸ್ಥೆ. ಒಣಗಿದ್ದಕ್ಕೆ ಒಂದು ಬುಟ್ಟಿ, ಒದ್ದೆಯಾದುದಕ್ಕೆ ಒಂದು ಬಕೆಟ್, ಮಲದ ಬಟ್ಟೆಗೆ ಇನ್ನೊಂದು ಬಕೆಟ್. ಈ ಮೂರರ ಸ್ಥಳ ಎಂದೂ ಬದಲಾಗಬಾರದು. ಆಗ ರಾತ್ರಿಯ ಮಬ್ಬಿನಲ್ಲಿಯೂ ಕೈ ತಪ್ಪುವುದಿಲ್ಲ. ಮಲವನ್ನು ಮೊದಲು ಶೌಚಾಲಯಕ್ಕೆ ಹಾಕಿ, ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಬೇಕು. ಮೊದಲೇ ಬಿಸಿನೀರು ಹಾಕಿದರೆ ಕಲೆ ಕಚ್ಚುತ್ತದೆ. ಅನಂತರ ಬಿಸಿನೀರು, ಮಿತವಾದ ಸಾಬೂನು. ಕೊನೆಗೆ ಎರಡು ಬಾರಿ ಶುದ್ಧ ನೀರು. ಉಳಿದ ಸಾಬೂನು ಎಳೆಚರ್ಮವನ್ನು ಕೆರಳಿಸುತ್ತದೆ. ಬಟ್ಟೆ ಮೆದುವಾಗಲೆಂದು ಹಾಕುವ ಸುವಾಸನೆಯ ದ್ರವ ಬಟ್ಟೆಯ ಹೀರುವ ಗುಣವನ್ನೇ ಕುಂದಿಸುತ್ತದೆ. ನೆನೆಸಿದ ಬಕೆಟ್ಟಿಗೆ ಗಟ್ಟಿ ಮುಚ್ಚಳವಿರಲಿ, ಬಚ್ಚಲಿನ ಬಾಗಿಲು ಹಾಕಿರಲಿ. ಅಂಬೆಗಾಲಿಡುವ ಮಗುವಿನ ಪ್ರಾಣಕ್ಕೆ ಗೇಣುದ್ದದ ನೀರೂ ಅಪಾಯ.

ಒಣಗಿಸುವುದೇ ನಮ್ಮ ಸೀಮೆಯ ದೊಡ್ಡ ಸಮಸ್ಯೆ. ಜಗಲಿಯ ಮಾಡಿನ ಕೆಳಗೆ ಗಾಳಿಯಾಡುವಲ್ಲಿ ಎರಡು ಸಾಲು ಹಗ್ಗ ಕಟ್ಟಿ, ಬಟ್ಟೆಯನ್ನು ಮಡಚದೆ ಒಂಟಿಪದರವಾಗಿ ಹರವಬೇಕು. ದೊಡ್ಡವರ ದಪ್ಪಬಟ್ಟೆಗೆ ಬೇರೆ ಹಗ್ಗ. ಬಚ್ಚಲೊಲೆಯ ಹೊಗೆಯಲ್ಲಿ ಮಗುವಿನ ಬಟ್ಟೆಯನ್ನು ಒಣಗಿಸಬಾರದು; ಉರಿ ಆರಿ ಕೆಂಡ ಮಾತ್ರ ಉಳಿದಾಗ, ದೊಡ್ಡವರ ಕಣ್ಣೆದುರಿನಲ್ಲಿ, ದೂರದಿಂದ ಶಾಖ ತಗಲಿಸಬಹುದು. ಕೊನೆಯ ತೇವವನ್ನು ಇಸ್ತ್ರಿಪೆಟ್ಟಿಗೆ ತೆಗೆಯುತ್ತದೆ. ಬಿಸಿಲು ಕಂಡ ದಿನ ಎಲ್ಲವನ್ನೂ ಅಂಗಳಕ್ಕೆ ತರಬೇಕು. ಅರೆಒಣಗಿದ ಬಟ್ಟೆ ಕಟ್ಟಿದರೆ ಚರ್ಮ ಕೆಂಪಾಗಿ, ಬೂಷ್ಟಿನ ಸೋಂಕಿಗೂ ದಾರಿಯಾದೀತು. ಕೆಂಪಾದಾಗ ಮಗುವನ್ನು ಕೆಲಹೊತ್ತು ಬಟ್ಟೆಯಿಲ್ಲದೆ ಗಾಳಿಗೆ ಬಿಡಿ. ಎರಡು ಮೂರು ದಿನಗಳಲ್ಲಿ ಇಳಿಯದಿದ್ದರೆ ಅಥವಾ ಕೀವು, ಜ್ವರ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಂಡೊಯ್ಯಿರಿ.

ಇಷ್ಟು ಹೇಳಿದ ಮೇಲೆ ಲೆಕ್ಕದಲ್ಲಿ ಒಂದು ಅಂಕಿ ಉಳಿಯುತ್ತದೆ. ಸೀರೆ ಬಿಟ್ಟಿ ಸಿಕ್ಕಿತು, ಒಗೆತ ಬಿಟ್ಟಿಯಲ್ಲ. ದಿನಕ್ಕೆ ಹನ್ನೆರಡು ಬಟ್ಟೆ, ಅದಕ್ಕೆ ಬಾವಿಯಿಂದ ಸೇದುವ ಕೊಡಗಟ್ಟಲೆ ನೀರು, ಬಗ್ಗಿ ಹಿಂಡುವ ಸೊಂಟ ಯಾರದು? ಹೆತ್ತ ಮೈಯ ನೋವು ಆರುವ ಮೊದಲೇ ಈ ಭಾರವನ್ನು ಬಾಣಂತಿಯ ಮೇಲೆ ಹೇರಿ, ತಿಂಗಳಿಗೆ 1,800 ರೂಪಾಯಿ ಉಳಿಯಿತೆಂದು ಹಿಗ್ಗುವುದು ಮಿತವ್ಯಯವಲ್ಲ; ಒಬ್ಬಳ ಆಯಾಸವನ್ನು ಖರ್ಚಿನ ಕಲಮಿನಲ್ಲಿ ಬರೆಯದೆ ಬಿಟ್ಟದ್ದು, ಅಷ್ಟೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ನೀರು ಸೇದಿ ಒಗೆದು ಹಿಂಡುವುದು ತಂದೆಯ ಪಾಲಿಗಿರಲಿ. ಒಣಗಿದುದನ್ನು ಎಣಿಸಿ ಹನ್ನೆರಡರ ಕಟ್ಟು ಮಾಡುವುದು ಶಾಲೆಗೆ ಹೋಗುವ ಅಕ್ಕ ಅಣ್ಣಂದಿರಿಗೆ. ಅದರಿಂದ ಮಗ್ಗಿಯೂ ಗಟ್ಟಿಯಾದೀತು. ಮಡಚುವುದು ಅಜ್ಜಿಗೆ. ರಾತ್ರಿ ಮಲಗುವ ಮೊದಲು ಆರು ಬಟ್ಟೆ ಬಾಣಂತಿಯ ಕೈಗೆಟಕುವಲ್ಲಿ ಇವೆಯೇ ಎಂದು ನೋಡುವ ಹೊಣೆ ಪುನಃ ತಂದೆಗೆ. ಆಸ್ಪತ್ರೆಗೋ ಮದುವೆಮನೆಗೋ ಹೋಗುವ ದಿನ ಅಂಗಡಿಯ ಡಯಾಪರ್ ಒಂದೆರಡು ತಂದರೆ ಆಕ್ಷೇಪವೇನೂ ಇಲ್ಲ.

ಹುಟ್ಟುವ ಮುನ್ನ ಮಗುವಿಗೆ ಹೊಸಬಟ್ಟೆ ಹೊಲಿಸಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿದೆ. ಅದು ಅವರ ಪಾಲಿಗಿರಲಿ. ಹಳೆಯ ಸೀರೆಯನ್ನು ಕತ್ತರಿಸಿ, ಒಗೆದು, ಒಣಗಿಸಿ, 40 ಎಂದು ಎಣಿಸಿ ಇಟ್ಟುಕೊಳ್ಳಲು ಆ ನಂಬಿಕೆ ಅಡ್ಡಬರುವುದಿಲ್ಲ. ಏಳನೆಯ ತಿಂಗಳು ಕಳೆದ ಮೇಲಿನ ಒಂದು ಭಾನುವಾರ ಈ ಕೆಲಸಕ್ಕೆ ಧಾರಾಳ ಸಾಕು. ಕತ್ತರಿ ಹಿಡಿಯುವ ಕೈ ಮನೆಯ ಯಜಮಾನನದಾದರೆ ಇನ್ನೂ ಒಳ್ಳೆಯದು.